ಫಿಯಾರ್ಡಿನ ಗೋಡೆಗೊಂದು ನಕ್ಷೆ

ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿ ಆದ ಕೊಲ್ಲಿಯೇ ಫಿಯಾರ್ಡ್ ಎಂದು ಭೂಗೋಳದ ತರಗತಿಯಲ್ಲಿ ಓದಿದ್ದೇವೆ. ನಾರ್ವೆಯ ಹೆಸರು ಬರೆದು ಅಂಕಗಳನ್ನೂ ಪಡೆದಿದ್ದೇವೆ. ಆ ನೀರಿನ ಕೆಳಗೇನಿದೆಯೆಂದು ಕೇಳಿದವರು ಕಡಮೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನೈಋತ್ಯ ಮೂಲೆಯ ಫಿಯಾರ್ಡ್‌ಲ್ಯಾಂಡ್ ಪ್ರದೇಶವು ಈ ಪ್ರಶ್ನೆಗೆ ಸೋಜಿಗದ ಉತ್ತರ ಕೊಡುತ್ತದೆ.

ಅಲ್ಲಿನ ಮಿಲ್ಫರ್ಡ್ ಸೌಂಡಿನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಕಾಡಿನ ತರಗೆಲೆಗಳ ನಡುವೆ ಹರಿದುಬರುವ ಆ ನೀರು ಚಹದ ಬಣ್ಣ ತಾಳುತ್ತದೆ. ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ಪದರವಾಗಿ ನಿಲ್ಲುತ್ತದೆ. ಬೆಳಕು ಕೆಳಗಿಳಿಯದು. ಆಳದ ಕತ್ತಲೆಯಲ್ಲಿರಬೇಕಾದ ಕರಿಹವಳ ಮೋಸಹೋಗಿ—ಹೀಗೆನ್ನಬಹುದಾದರೆ—ಹತ್ತು ಹದಿನೈದು ಮೀಟರಿನಲ್ಲಿಯೇ ನೆಲಸಿದೆ. ಹೆಸರಿಗಷ್ಟೆ ಕರಿ, ಜೀವವಿರುವಾಗ ಅದು ಬಿಳಿಯ ಮರದಂತೆ ಕವಲೊಡೆದಿರುತ್ತದೆ, ಕಪ್ಪಾದುದು ಒಳಗಿನ ಅಸ್ಥಿ. ಬೆಳೆಯುವುದು ಬಹು ನಿಧಾನ. ದೋಣಿಯೊಂದರ ಲಂಗರು ತಗುಲಿ ಮುರಿದ ಕೊಂಬೆ ಮತ್ತೆ ಬೆಳೆಯಲು ಬಹುಕಾಲ ಬೇಕು. ಇಂಥ ನಾಜೂಕಾದ ಎಡೆಗಳನ್ನು ಅಲ್ಲಿಯವರು ‘ಪಿಂಗಾಣಿ ಅಂಗಡಿ’ಗಳೆಂದು ಕರೆಯುತ್ತಾರೆ. ಹೆಸರು ಚೆನ್ನಾಗಿದೆ! 2005ರಲ್ಲಿ ಈ ಕಡಲಿಗೆಂದೇ ಪ್ರತ್ಯೇಕ ಕಾಯಿದೆಯಾಯಿತು.

ಕಾಯಿದೆಯಿದ್ದರೂ ಎಲ್ಲಿ ಏನಿದೆಯೆಂದು ತಿಳಿಯದೆ ಕಾಯುವುದು ಹೇಗೆ? ಹಡಗಿನಿಂದ ಶಬ್ದದ ಅಲೆಗಳನ್ನು ಕಳಿಸಿ, ಪ್ರತಿಧ್ವನಿ ಮರಳುವ ವೇಳೆಯಿಂದ ಆಳವನ್ನು ಲೆಕ್ಕಹಾಕುವುದು ವಾಡಿಕೆ. ಚಪ್ಪಟೆ ತಳದ ಆಕಾರಕ್ಕೆ ಇದು ಸಾಕು. ಫಿಯಾರ್ಡಿನಲ್ಲಾದರೋ ಜೀವಿಗಳು ನೆಟ್ಟಗೆ ನಿಂತ ಬಂಡೆಗೋಡೆಯನ್ನು ಹಿಡಿದಿವೆ. ಮೇಲಿನಿಂದ ನೋಡಿದರೆ ಗೋಡೆಯೆಂಬುದು ಬರಿಯ ಗೆರೆ! ಇನ್ನು, ಮುಳುಗಿ ನೋಡುವವರು ಸಾಮಾನ್ಯವಾಗಿ 30 ಮೀಟರಿನ ಸುಮಾರಿಗೆ ಹಿಂದಿರುಗಬೇಕು. ಕೊಲ್ಲಿಯ ಆಳವೋ ನೂರಾರು ಮೀಟರು.

ಆದ್ದರಿಂದ ರೋಬೋಟ್. ಉದ್ದನೆಯ ಕೇಬಲ್ಲಿನಿಂದ ದೋಣಿಗೆ ಕಟ್ಟಿದ ಈ ಯಂತ್ರವು ದೀಪ ಹಚ್ಚಿಕೊಂಡು ಗೋಡೆಗೆ ಎದುರಾಗಿ ನಿಂತು ಚಿತ್ರ ತೆಗೆಯುತ್ತದೆ. ನಿಶ್ಚಿತ ಅಂತರದ ಎರಡು ಲೇಸರ್ ಚುಕ್ಕೆಗಳನ್ನು ಬಂಡೆಯ ಮೇಲೆ ಬೀಳಿಸುವುದುಂಟು; ಅವೇ ಅಳತೆಗೋಲು. ರೇಡಿಯೋ ಅಲೆ ನೀರಿನಲ್ಲಿ ಬೇಗನೆ ಅಡಗುವುದರಿಂದ ಯಂತ್ರವಿರುವ ಜಾಗವನ್ನು ಶಬ್ದ ಸಂಕೇತಗಳಿಂದಲೇ ಗುರುತಿಸಬೇಕು. ಆಮೇಲೆ ಯಾರೋ ಒಬ್ಬರು ಕುಳಿತು, ಇದು ಸ್ಪಂಜು, ಇದು ಹವಳ, ಇದು ಬರಿಯ ಬಂಡೆ ಎಂದು ಚಿತ್ರಚಿತ್ರವನ್ನೂ ವಿಂಗಡಿಸಬೇಕು. ನನಗೆ ತೋರುವಂತೆ ನಕ್ಷೆಯ ಹೆಚ್ಚಿನ ಶ್ರಮ ಇಲ್ಲಿಯೇ ಇದೆ. ಯಂತ್ರಕ್ಕೆ ಸಲ್ಲುವ ಹೊಗಳಿಕೆಯಲ್ಲಿ ಇವರಿಗೂ ಪಾಲು ಬರಬೇಕು.

2022ರಲ್ಲಿ ಕಡಲು ಕಾವೇರಿ ಇಲ್ಲಿನ ಕಂದುಬಣ್ಣದ ಸ್ಪಂಜುಗಳು ಬಿಳಿಚಿಕೊಂಡವು. ಮೊದಲು ಅವು ಎಲ್ಲಿ, ಎಷ್ಟು ಇದ್ದವೆಂಬ ಲೆಕ್ಕವಿದ್ದೆಡೆಯಲ್ಲಿ ಮಾತ್ರ ಹಾನಿ ಎಷ್ಟೆಂದು ಹೇಳಲು ಸಾಧ್ಯ.