ಮೊದಲು ಬಂದವರಿಗೇ ಸ್ಥಾನವೆ?

ತಂಬ್ರಹಳ್ಳಿಯ ಉಪಾಧ್ಯಾಯಿನಿಯವರಿಗೆ,

ಅಂಕಸಮುದ್ರದ ಕೆರೆಯ ಪಕ್ಷಿವೀಕ್ಷಣ ಶಿಬಿರದ 30 ಸ್ಥಾನಗಳೂ ವಾಟ್ಸಾಪ್ ಸಂದೇಶ ಹೊರಟ ಸಂಜೆಯೇ ತುಂಬಿಹೋದುವೆಂದೂ, ತಾಂಡಾದಿಂದಾಗಲಿ ಕೇರಿಯಿಂದಾಗಲಿ ಒಂದು ಮಗುವೂ ಬಾರದುದು ತಮ್ಮ ಮನಸ್ಸನ್ನು ಕೊರೆಯುತ್ತಿದೆಯೆಂದೂ ಬರೆದಿದ್ದೀರಿ. ಮೊದಲು ಬಂದವರಿಗೆ ಆದ್ಯತೆಯೆಂಬ ನಿಯಮವು ಮೇಲ್ನೋಟಕ್ಕೆ ನಿಷ್ಪಕ್ಷಪಾತವಾಗಿ ತೋರಿದರೂ, ಮನೆಗಿರುವ ಒಂದೇ ಫೋನು ಹೊಲಕ್ಕೆ ಹೋದ ತಂದೆಯ ಕಿಸೆಯಲ್ಲಿರುವಾಗ, ಆ ಮನೆಯ ಬಾಲಕಿಯ ಪಾಲಿಗೆ ಅದು ಮುಚ್ಚಿದ ಬಾಗಿಲೇ ಸರಿ.

ಆದುದರಿಂದ ನೋಂದಣಿಯನ್ನು ಮತ್ತೆ ಒಂದು ವಾರ ತೆರೆದಿಟ್ಟು, ಪಂಚಾಯಿತಿಯ ಕಸದ ಗಾಡಿಯ ಧ್ವನಿವರ್ಧಕದಿಂದ ಓಣಿಯೋಣಿಗೂ ಸಾರಿಸಿ, ಗ್ರಂಥಾಲಯದಲ್ಲಿ ಕಾಗದದ ಅರ್ಜಿಯನ್ನೂ ಸ್ವೀಕರಿಸಿ, ಹೆಸರುಗಳು ಸ್ಥಾನಗಳಿಗಿಂತ ಹೆಚ್ಚಾದಲ್ಲಿ ಎಲ್ಲರೆದುರು ಚೀಟಿ ಎತ್ತಿಸಿರಿ. ಗುಳೆ ಹೋದ ಕುಟುಂಬಗಳ ಮಕ್ಕಳಿಗೆಂದು ಕೆಲವು ಸ್ಥಾನಗಳನ್ನು ಶಿಬಿರದ ಹಿಂದಿನ ದಿನದವರೆಗೂ ಕಾದಿರಿಸಿರಿ. ಅರ್ಜಿಯಲ್ಲಿ ಮಗುವಿನ ನ್ಯೂನತೆಯನ್ನು ಕೇಳದೆ, ಕೆರೆಯ ಏರಿಯ ಮೇಲೆ ನಡೆಯಲು, ನೋಡಲು, ಕೇಳಲು ಯಾವ ಅನುಕೂಲ ಬೇಕೆಂದು ಕೇಳಿರಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಆಶಯವೂ ಇದೇ. ಹೆಣ್ಣುಮಕ್ಕಳ ಸಂಗಡ ಯಾವ ಶಿಕ್ಷಕಿ ಬರುವರು, ಮರಳುವ ಹೊತ್ತೆಷ್ಟು ಎಂಬುದನ್ನು ತಾಯಂದಿರಿಗೆ ಮನೆಗೇ ಹೋಗಿ ತಿಳಿಸುವುದು ಮೇಲು.

ಊಟಕ್ಕೆ ಜಾತಿವಾರು ಬೇರೆ ಸಾಲು ಬೇಕೆಂಬ ವಿಚಾರದಲ್ಲಿ ಮಾತ್ರ ಸಂಧಾನ ಬೇಡ. ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಗೆ ಜಾತಿಯ ಅಡ್ಡಿಯಿರಕೂಡದೆಂದು ಸಂವಿಧಾನದ 15ನೆಯ ಅನುಚ್ಛೇದವೇ ವಿಧಿಸಿರುವಾಗ, ರಾಮ್ಸಾರ್ ಜೌಗುಭೂಮಿ ತಾಣವೆಂದು ಮಾನ್ಯತೆ ಪಡೆದ ಆ ಕೆರೆಯ ದಂಡೆಯಲ್ಲಿ ಎರಡು ಪಂಕ್ತಿಗಳು ಏರ್ಪಡುವುದನ್ನು ನಾನು ಊಹಿಸಲಾರೆ. ಒಂದೇ ಅಡುಗೆ, ಒಂದೇ ಸಾಲು ಎಂದು ಅರ್ಜಿಯಲ್ಲಿಯೇ ಅಚ್ಚುಹಾಕಿಸಿರಿ. ಒಪ್ಪದ ಪೋಷಕರು ಹಿಂದೆ ಸರಿದರೆ ಆ ಸ್ಥಾನಕ್ಕೆ ಚೀಟಿಯ ಮುಂದಿನ ಹೆಸರನ್ನು ಕರೆಯಿರಿ.