ಸ್ಕ್ರೂಡ್ರೈವರ್ ಕೆಳಗಿಡು, ಮಾದೇಶ

ಮೂಗೂರು, ಟಿ. ನರಸೀಪುರ ತಾಲ್ಲೂಕು

ಚಿ. ಮಾದೇಶನಿಗೆ,

ಹುಲ್ಲಹಳ್ಳಿ ನಾಲೆಗೆ ನೀರು ಬಂತು, ನೀನು ಒಟ್ಲು ಹಾಕಿದ್ದೀಯ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಸಂತೋಷವಾಯಿತು. ಜೊತೆಗೇ ಇನ್ನೊಂದು ಮಾತು ಬಂತು. ಹಳೇ ಮ್ಯಾಸಿ ಟ್ರಾಕ್ಟರು ಬೆಳಗಿನ ಹೊತ್ತು ಸ್ಟಾರ್ಟ್ ಆಗುತ್ತಿಲ್ಲವಂತೆ, ನೀನು ನೆಲದ ಮೇಲೆ ನಿಂತು ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಕೊಟ್ಟು ಎಬ್ಬಿಸುತ್ತೀಯಂತೆ. ಅವಳು ಅದನ್ನು ನಿನ್ನ ಜಾಣತನ ಎಂದುಕೊಂಡು ಹೇಳಿದಳು. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಆ ಮ್ಯಾಸಿ 1035 ನಿನ್ನ ತಾತನ ಕಾಲದ್ದು. 1989ರಲ್ಲಿ ತಿರುಮಕೂಡಲಿನಲ್ಲಿ ಮೊದಲ ಕುಂಭಮೇಳವಾದಾಗ ಟ್ರೇಲರಿಗೆ ಹುಲ್ಲು ಹಾಸಿಕೊಂಡು ಮನೆಮಂದಿಯೆಲ್ಲ ಸಂಗಮಕ್ಕೆ ಹೋಗಿದ್ದು ಅದರಲ್ಲೇ. ನಂಜನಗೂಡಿನ ದೊಡ್ಡ ಜಾತ್ರೆ, ಅಳಗಂಚಿ ಕಾರ್ಖಾನೆಗೆ ಕಬ್ಬು, ಕಪಿಲೆ ದಡದ ಕೆಸರುಗದ್ದೆ, ಎಲ್ಲಕ್ಕೂ ಅದೇ. ಸಿಂಪ್ಸನ್ನಿನ ಮೂರು ಸಿಲಿಂಡರ್ ಇಂಜಿನ್ನು, ಗಟ್ಟಿ ಜೀವ. ಅದನ್ನು ಮಾರು ಅಂತ ನಾನು ಹೇಳುವವನಲ್ಲ. ವಯಸ್ಸಾದ ಯಂತ್ರ ಮೊಂಡು ಹಿಡಿದರೆ ಕಾರಣ ಹುಡುಕಬೇಕು, ಕಳ್ಳದಾರಿ ಹಿಡಿಯಬಾರದು.

ಡೀಸೆಲ್ ಇಂಜಿನ್ನಿಗೆ ಪ್ಲಗ್ಗಿನ ಕಿಡಿಯಿಲ್ಲ. ಪಿಸ್ಟನ್ ಗಾಳಿಯನ್ನು ಹದಿನೈದು ಪಟ್ಟಿಗೂ ಹೆಚ್ಚು ಅಮುಕುತ್ತದೆ. ಆ ಕಾವಿಗೆ ನಾಜಲ್ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸೆಲ್ಫ್ ಸ್ಟಾರ್ಟರ್ ಜಡವಾಗಿ ತಿರುಗಿದರೆ ಅಮುಕಿದ ಗಾಳಿ ರಿಂಗಿನ ಸಂದಿಯಲ್ಲಿ ಸೋರುತ್ತದೆ, ಕಾವೂ ಆರುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಕಾಡುವ ಟ್ರಾಕ್ಟರು ಮಧ್ಯಾಹ್ನ ಒಂದೇ ಸಲಕ್ಕೆ ಏಳುವುದು ಇದಕ್ಕೇ.

ಆದ್ದರಿಂದ ಮೊದಲು ಸೆಲ್ಫಿನ ಸದ್ದು ಕೇಳು. ಜಡವಾಗಿದ್ದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು, ಉಜ್ಜಿ, ಬಿಗಿ ಮಾಡು. ಬ್ಯಾಟರಿಯಿಂದ ಟ್ರಾಕ್ಟರಿನ ಬಾಡಿಗೆ ಹೋಗುವ ದಪ್ಪ ಅರ್ತ್ ವೈರನ್ನು ಬಿಚ್ಚಿ ನೋಡು, ಅದರಡಿಯ ತುಕ್ಕನ್ನು ಯಾರೂ ಕೆರೆಯುವುದಿಲ್ಲ. ಚಾರ್ಜಾದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಆಗ ಬ್ಯಾಟರಿಯ ಮೇಲೆ ಅನುಮಾನಪಡು.

ಸೆಲ್ಫ್ ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಸೈಲೆನ್ಸರ್ ಬಾಯಿ ನೋಡು. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪಿಲ್ಲ: ಸ್ಟಾಪ್ ನಾಬ್ ಎಳೆದೇ ಉಳಿದಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಏರ್ ಹಿಡಿದಿರಬಹುದು. ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಕೈಲಿವರ್ ಒತ್ತುತ್ತಾ ಇರು. ನೊರೆ ನಿಂತು ಬರಿಯ ಡೀಸೆಲ್ ಬಂದ ಮೇಲೆ ಬಿಗಿದು, ಆಮೇಲೆ ಪಂಪಿನದು, ಕೊನೆಗೆ ನಾಜಲ್ ಪೈಪುಗಳದು. ಪೈಪು ಸಡಿಲಿಸಿದಾಗ ಕೈ ಅಡ್ಡ ಇಡಬೇಡ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಎರಡೇ ದಿನಕ್ಕೆ ಮತ್ತೆ ಏರ್ ಹಿಡಿಯಿತೆಂದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು, ವಾಷರ್‌ಗಳನ್ನು ನೋಡು. ಅಲ್ಲಿ ಹೊರಗೆ ಹನಿ ಸೋರದಿದ್ದರೂ ಒಳಗೆ ಗಾಳಿ ಎಳೆಯುತ್ತದೆ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಅದು ನಾಜಲ್ಲೋ ಕಂಪ್ರೆಷನ್ನೋ, ಮೆಕ್ಯಾನಿಕ್ಕಿಗೆ ಬಿಡು.

ಇನ್ನು ನಿನ್ನ ಸ್ಕ್ರೂಡ್ರೈವರಿನ ವಿಷಯ. ಕೀಲಿಗೆ ತಿರುಗದ ಸೆಲ್ಫ್ ಸ್ಕ್ರೂಡ್ರೈವರಿಗೆ ಚೆನ್ನಾಗಿ ತಿರುಗುತ್ತದೆ ಎಂದರೆ ನಿನ್ನ ಬ್ಯಾಟರಿ, ಸ್ಟಾರ್ಟರ್ ಸರಿಯಾಗಿವೆ ಮಗಾ. ದೋಷ ಇರುವುದು ಕೀ ಸ್ವಿಚ್ಚಿನಲ್ಲಿ, ಅಲ್ಲಿಂದ ಬರುವ ವೈರಿನಲ್ಲಿ ಅಥವಾ ಸೊಲೆನಾಯ್ಡಿನಲ್ಲಿ. ವೈರಿಂಗ್ ಬಲ್ಲವನಿಗೆ ದೊಡ್ಡ ಕೆಲಸವೇ ಅಲ್ಲ. ಅದನ್ನು ಮಾಡಿಸದೆ ನೀನು ದಿನಾ ಎಲ್ಲಿ ನಿಲ್ಲುತ್ತಿದ್ದೀ ಯೋಚಿಸು. ಮುಂದಿನ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ನಡುವೆ. ಗೇರ್ ನ್ಯೂಟ್ರಲ್ಲಿನಲ್ಲಿ ಇಲ್ಲದಿದ್ದರೆ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ ಕೆಲವು ಟ್ರಾಕ್ಟರುಗಳಲ್ಲಿ ಇರುತ್ತದೆ, ಸ್ಕ್ರೂಡ್ರೈವರ್ ಅದನ್ನೂ ದಾಟಿಹೋಗುತ್ತದೆ. ಈ ಇಂಜಿನ್ನಿಗೆ ಕೀಲಿ ಆಫ್ ಇದ್ದರೂ ಲೆಕ್ಕವಿಲ್ಲ, ಸ್ಟಾಪ್ ನಾಬ್ ಒಳಗಿದ್ದು ಸೆಲ್ಫ್ ತಿರುಗಿದರೆ ಸಾಕು, ಹತ್ತಿಕೊಳ್ಳುತ್ತದೆ. ರಾತ್ರಿ ಯಾರೋ ಗೇರಿನಲ್ಲಿ ನಿಲ್ಲಿಸಿ ಹೋಗಿದ್ದರೆ, ಹುಡುಗರು ಸೀಟಿನ ಮೇಲೆ ಆಡುತ್ತಾ ಲಿವರ್ ಎಳೆದಿದ್ದರೆ, ಒಂದೂವರೆ ಟನ್ನಿಗೂ ಮೀರಿದ ಆ ಕಬ್ಬಿಣ ಮುಂದಕ್ಕೆ ನುಗ್ಗುತ್ತದೆ. ಹಿಂದಿನ ಚಕ್ರದಿಂದ ಪಕ್ಕಕ್ಕೆ ಜಿಗಿಯಲು ಸಮಯ ಸಿಗುವುದಿಲ್ಲ. ಜನ ಸತ್ತಿದ್ದಾರೆ ಹೀಗೆ, ನಿನಗಿಂತ ಅನುಭವಸ್ಥರು ಕೂಡ.

ನಾಟಿಯ ಅವಸರ ನನಗೆ ಗೊತ್ತಿಲ್ಲದ್ದಲ್ಲ. ನೀರು ಬಂದಾಗ ಆಳು ಸಿಗಬೇಕು, ಆಳು ಸಿಕ್ಕ ದಿನ ಗದ್ದೆ ಹದಕ್ಕೆ ಬಂದಿರಬೇಕು. ಆದರೂ ಹೇಳುತ್ತೇನೆ, ನಾಟಿ ನಾಲ್ಕು ದಿನ ಹಿಂದಾದರೆ ಆಗಲಿ. ನಾಳೆಯೇ ನಂಜನಗೂಡಿನಿಂದ ಎಲೆಕ್ಟ್ರಿಷಿಯನ್ ಕರೆಸಿ ಸ್ವಿಚ್, ವೈರು ಹೊಸದು ಹಾಕಿಸು. ಖರ್ಚು ನಾನು ಕೊಡುತ್ತೇನೆ, ಬೇಡ ಅನ್ನಬೇಡ. ಅಲ್ಲಿಯತನಕ ನನ್ನ ಟ್ರಾಕ್ಟರನ್ನು ಡ್ರೈವರ್ ಸಮೇತ ಕಳಿಸುತ್ತೇನೆ. ಸೀಟಿನ ಮೇಲೆ ಕೂತು, ಗೇರ್ ನೋಡಿ, ಕೀಲಿಯಿಂದ ಸ್ಟಾರ್ಟ್ ಆಗುವವರೆಗೆ ಮ್ಯಾಸಿಯ ತಂಟೆಗೆ ಹೋಗುವುದಿಲ್ಲ ಅಂತ ಈ ಕಾಗದ ಸೇರಿದ ದಿನವೇ ಫೋನು ಮಾಡಿ ನನಗೆ ಮಾತು ಕೊಡು.

ನಿನ್ನ ಸೋದರಮಾವ