ಬಾಲ್ಯದ ಲೈಂಗಿಕ ಹಿಂಸೆ: ಲೆಕ್ಕ ಹಾಕುವ ಬಗೆ

ಮಕ್ಕಳ ಮೇಲಿನ ಲೈಂಗಿಕ ಹಿಂಸೆ ಎಷ್ಟೆಂಬುದು ಪೊಲೀಸ್ ದಾಖಲೆಯಿಂದ ತಿಳಿಯದು. ಠಾಣೆಗೆ ಬಂದ ದೂರಷ್ಟೇ ಅಲ್ಲಿರುತ್ತದೆ. ಆದಕಾರಣ ಸಮೀಕ್ಷೆಯವರು 18ರಿಂದ 24 ವಯಸ್ಸಿನವರನ್ನು ಕೇಳುತ್ತಾರೆ. ಇವರನ್ನೇ ಏಕೆ? ಇವರ ಬಾಲ್ಯ ಮುಗಿದಿದೆ, ಆದರೆ ನೆನಪು ಮಾಸಿಲ್ಲ. ಹತ್ತರ ಮಗುವಿಗಾದರೋ ಇನ್ನೂ ಎಂಟು ವರ್ಷ ಬಾಕಿ.

ಕೇಳುವ ರೀತಿಯೇ ಇಲ್ಲಿ ಮುಖ್ಯ. ‘ನಿಮ್ಮ ಮೇಲೆ ಅತ್ಯಾಚಾರವಾಗಿತ್ತೇ?’ ಎಂದರೆ ಅನೇಕರು ಇಲ್ಲವೆನ್ನುತ್ತಾರೆ. ‘ನಿಮಗೆ ಬೇಡವಾಗಿದ್ದರೂ ಯಾರಾದರೂ ಕೆಟ್ಟ ರೀತಿಯಲ್ಲಿ ಮೈ ಮುಟ್ಟಿದ್ದರೇ?’ ಎಂದು ಒಂದೊಂದಾಗಿ ಬಿಡಿಸಿ ಕೇಳಿದರೆ ಬಾಯಿ ಬಿಡುತ್ತಾರೆ. ಅದೂ ಏಕಾಂತದಲ್ಲಿ, ಹೆಂಗಸರನ್ನು ಹೆಂಗಸರೇ. ಒಂದು ಮನೆಯಿಂದ ಒಬ್ಬರನ್ನು ಮಾತ್ರ. ತಪ್ಪು ಮಾಡಿದವನು ಅದೇ ಮನೆಯಲ್ಲಿರಬಹುದಲ್ಲ!

2010ರಲ್ಲಿ ಆಫ್ರಿಕದ ಕೀನ್ಯಾದಲ್ಲಿ ಹೀಗೆ ಕೇಳಿದಾಗ, 18 ತುಂಬುವ ಮೊದಲೇ ಹಿಂಸೆ ಕಂಡವರು ಹೆಣ್ಣುಮಕ್ಕಳಲ್ಲಿ ನೂರಕ್ಕೆ 32, ಗಂಡುಮಕ್ಕಳಲ್ಲಿ 18. ನಮ್ಮ ಕೇಂದ್ರ ಸರಕಾರ 2007ರಲ್ಲಿ ಪ್ರಕಟಿಸಿದ 13 ರಾಜ್ಯಗಳ ಅಧ್ಯಯನದಲ್ಲಿ ಮಕ್ಕಳನ್ನೇ ಕೇಳಿದ್ದರು. ಅಂಕಿ ನೂರಕ್ಕೆ 53. ಇವೆರಡನ್ನು ಒಂದೇ ತಕ್ಕಡಿಯಲ್ಲಿಡಲಾಗದು. ಇಲ್ಲಿ ಅಶ್ಲೀಲ ಚಿತ್ರ ತೋರಿಸಿದ್ದನ್ನೂ ಎಣಿಸಿದ್ದರು. ಬೀದಿಯ ಮಕ್ಕಳನ್ನೂ ದುಡಿಯುವ ಮಕ್ಕಳನ್ನೂ ಆಯ್ದು ಕೇಳಿದ್ದರು. ಆದರೆ ಹೌದೆಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಹುಡುಗರು! ‘ಗಂಡುಹುಡುಗನಿಗೇನು ಭಯ’ ಎಂದು ಮಗನನ್ನು ಊರಲ್ಲಿ ಬಿಟ್ಟು ಬಂದಿರುವ ನಾವು ಇದನ್ನು ಗಮನಿಸಬೇಕು. 2012ರ ಪೋಕ್ಸೊ ಕಾಯಿದೆ ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.